ಜ್ಯೂರಿ ಡ್ಯೂಟಿ ಸಮನ್ಸ್ ಬಂದಿದೆ, ಅದೇ ವಾರ ಆಫೀಸಿನಲ್ಲಿ ಗೋ-ಲೈವ್. ಏನು ಮಾಡೋದು?

ಹಾಸನದಿಂದ_ಫ್ರೀಮಾಂಟ್

ಎಲ್ಲರಿಗೂ ನಮಸ್ಕಾರ. ನಾನು ಸಿಟಿಜನ್ ಆಗಿ ಇನ್ನೂ ವರ್ಷ ತುಂಬಿಲ್ಲ. ಪ್ರಮಾಣ ವಚನದ ದಿನ ಅಲ್ಲೇ ಬಾಗಿಲ ಹತ್ತಿರ ವೋಟರ್ ಫಾರ್ಮ್ ಕೊಟ್ಟರು, ತುಂಬಿ ಬಂದೆ. ಈಗ ಅಲಮೀಡಾ ಕೌಂಟಿ ಸುಪೀರಿಯರ್ ಕೋರ್ಟಿನಿಂದ ಜ್ಯೂರಿ ಸಮನ್ಸ್ (ಕೇಸು ಕೇಳಿ ತೀರ್ಪು ಹೇಳಲು ಸಾಮಾನ್ಯ ಪ್ರಜೆಗಳನ್ನು ಕರೆಯುವ ಕಾಗದ) ಬಂದಿದೆ, ಜಾಗ ಓಕ್ಲೆಂಡ್.

ತೊಂದರೆ ಏನೆಂದರೆ ಅವರು ಕೊಟ್ಟಿರುವ ವಾರವೇ ನಮ್ಮ ಗೋ-ಲೈವ್. ಹಳೇ ಬಿಲ್ಲಿಂಗ್ ಸಿಸ್ಟಮ್ ನಿಲ್ಲಿಸಿ ಹೊಸದಕ್ಕೆ ಡೇಟಾ ಸಾಗಿಸುವ ಕೆಲಸ ಪೂರ್ತಿ ನನ್ನ ತಲೆ ಮೇಲಿದೆ. ಮ್ಯಾನೇಜರ್‌ಗೆ ಹೇಳಿದೆ. "ಏನಾದರೂ ಹೇಳಿ ತಪ್ಪಿಸಿಕೋ, ಎಲ್ಲರೂ ಮಾಡೋದು ಅದನ್ನೇ" ಎಂದರು.

ಕೆಲಸ ಇದೆ ಎಂದು ಬರೆದುಕೊಟ್ಟರೆ ಬಿಡುತ್ತಾರಾ? ಹೋದ ದಿನಗಳ ಸಂಬಳ ಕಟ್ ಆಗುತ್ತದಾ? ಹೋಗದೇ ಇದ್ದರೆ ಏನಾಗುತ್ತದೆ? ನಮ್ಮ ಮನೆಯಲ್ಲಿ ಕೋರ್ಟ್ ಮೆಟ್ಟಿಲು ಹತ್ತಿದವರೇ ಇಲ್ಲ, ಹಾಗಾಗಿ ಸ್ವಲ್ಪ ಗಾಬರಿ.

ಸುಮ್ನೆ_ಇರಲಾರೆ

ಕಸದ ಬುಟ್ಟಿಗೆ ಹಾಕಿ ಸಾರ್. ರಿಜಿಸ್ಟರ್ಡ್ ಪೋಸ್ಟ್ ಅಲ್ಲ, ಏನೂ ಅಲ್ಲ. ನಿಮಗೆ ತಲುಪಿದೆ ಅಂತ ಅವರಿಗೆ ಹೇಗೆ ಗೊತ್ತು? ಇಲ್ಲಾಂದ್ರೆ ಹೋಗಿ ಜಡ್ಜ್ ಎದುರು "ಪೊಲೀಸರು ಹಿಡಿದಿದ್ದಾರೆ ಅಂದಮೇಲೆ ತಪ್ಪು ಮಾಡಿಯೇ ಇರುತ್ತಾನೆ" ಅಂತ ಹೇಳಿ. ಐದು ನಿಮಿಷದಲ್ಲಿ ಮನೆಗೆ ಕಳಿಸುತ್ತಾರೆ.

ಹಳೇಬೇರು

ಮೇಲಿನವರ ಮಾತು ಕೇಳಬೇಡಿ ದಯವಿಟ್ಟು.

ನಾನು ಈ ಕೌಂಟಿಯಲ್ಲೇ ಇದ್ದೇನೆ, ಹಲವು ಸಲ ಕರೆ ಬಂದಿದೆ. ನಿಮ್ಮ ಮ್ಯಾನೇಜರ್ ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಮಾಡಿಕೊಂಡಿದ್ದಾರೆ. ಡ್ಯೂಟಿಯಿಂದಲೇ ಬಿಡಿ ಎಂದು ಕೇಳುವುದು ಒಂದು, ದಿನ ಮುಂದಕ್ಕೆ ಹಾಕಿ ಎಂದು ಕೇಳುವುದು ಇನ್ನೊಂದು. ಮೊದಲನೆಯದು ಸಿಗುವುದು ಕಷ್ಟ. ಕೆಲಸ ಜಾಸ್ತಿ ಇದೆ ಎನ್ನುವುದು ಕ್ಯಾಲಿಫೋರ್ನಿಯಾದಲ್ಲಿ ಕಾರಣವೇ ಅಲ್ಲ, ಯಾಕೆಂದರೆ ಅಲ್ಲಿಗೆ ಬರುವ ಪ್ರತಿಯೊಬ್ಬರಿಗೂ ಕೆಲಸ ಇರುತ್ತದೆ. ಎರಡನೆಯದು ತುಂಬಾ ಸುಲಭ. ಸಮನ್ಸ್ ಮೇಲೆ ಜ್ಯೂರರ್ ನಂಬರ್ ಇರುತ್ತದೆ ನೋಡಿ, ಅದನ್ನು ಹಾಕಿ ಕೋರ್ಟಿನ ವೆಬ್‌ಸೈಟಿನಲ್ಲಿ ಲಾಗಿನ್ ಆದರೆ ಮುಂದೂಡುವ ಆಯ್ಕೆ ಸಿಗುತ್ತದೆ. ಸಾಮಾನ್ಯವಾಗಿ 90 ದಿನದ ಒಳಗಿನ ದಿನ ನೀವೇ ಆರಿಸಿಕೊಳ್ಳಬಹುದು. ಕಾರಣ, ಪತ್ರ, ಡಾಕ್ಟರ್ ಸರ್ಟಿಫಿಕೇಟ್ ಏನೂ ಬೇಡ.

ಆದರೆ ಈ ಸೌಲಭ್ಯ ಒಂದೇ ಸಲ. ಅದಕ್ಕೇ ದಿನ ಆರಿಸುವಾಗ ತಲೆ ಓಡಿಸಿ. ಗೋ-ಲೈವ್ ಮುಗಿದ ಮರುವಾರ ಹಾಕಿಕೊಳ್ಳಬೇಡಿ, ಗೋ-ಲೈವ್ ಹೇಳಿದ ದಿನಕ್ಕೆ ಆದ ಪ್ರಾಜೆಕ್ಟ್ ನಾನಂತೂ ನೋಡಿಲ್ಲ. ಊರಿಗೆ ಟಿಕೆಟ್ ಮಾಡಿಸಿದ್ದರೆ ಅದನ್ನೂ ನೋಡಿಕೊಳ್ಳಿ. ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್ ವಾರ ಸಿಕ್ಕರೆ ಬಿಡಬೇಡಿ, ಆಗ ಹೊಸ ವಿಚಾರಣೆ ಶುರುವಾಗುವುದು ಕಮ್ಮಿ.

ಇನ್ನೊಂದು. ಸಮನ್ಸ್ ಬಂತು ಎಂದ ಮಾತ್ರಕ್ಕೆ ಕೋರ್ಟಿಗೆ ಹೋಗಲೇಬೇಕು ಎಂದಲ್ಲ. ನಿಮಗೊಂದು ಗ್ರೂಪ್ ನಂಬರ್ ಕೊಟ್ಟಿರುತ್ತಾರೆ. ಹಿಂದಿನ ದಿನ ಸಂಜೆ 5 ಗಂಟೆ ಮೇಲೆ ವೆಬ್‌ಸೈಟ್ ನೋಡಬೇಕು, ಇಲ್ಲವೇ ಫೋನ್ ಮಾಡಿ ಕೇಳಬೇಕು. ನಿಮ್ಮ ಗ್ರೂಪ್ ಕರೆದಿದ್ದರೆ ಹೋಗಿ, ಇಲ್ಲದಿದ್ದರೆ ಆಫೀಸಿಗೆ ಹೋಗಿ, ಸಂಜೆ ಮತ್ತೆ ನೋಡಿ. ಐದು ದಿನ ಹೀಗೆ ನಡೆದು ಕರೆ ಬರಲಿಲ್ಲ ಅಂದರೆ ನಿಮ್ಮ ಸೇವೆ ಮುಗಿದ ಹಾಗೆ, ಒಂದು ವರ್ಷ ತಂಟೆ ಇಲ್ಲ. ಕರೆದು, ಆ ದಿನ ಯಾವ ಕೇಸಿಗೂ ಹಾಕಲಿಲ್ಲ ಅಂದರೂ ಅಷ್ಟೇ, ಒಂದೇ ದಿನಕ್ಕೆ ಮುಗಿಯಿತು. ಆಯ್ಕೆಯಾದರೆ ಮಾತ್ರ ಆ ಕೇಸು ಮುಗಿಯುವವರೆಗೆ.

ಕೋರ್ಟ್_ಕಡತ

ನಾನು ಒಂದು ಲಾ ಆಫೀಸಿನಲ್ಲಿ ಪ್ಯಾರಾಲೀಗಲ್, ಅಂದರೆ ವಕೀಲರ ಸಹಾಯಕಿ. ವಕೀಲೆ ಅಲ್ಲ, ಹಾಗಾಗಿ ಇದನ್ನು ಸಲಹೆ ಅಂತ ತಗೋಬೇಡಿ.

@ಸುಮ್ನೆ_ಇರಲಾರೆ, ಕಸದ ಬುಟ್ಟಿಗೆ ಹಾಕಿದರೆ ಮೊದಲು ಎರಡನೇ ನೋಟಿಸ್ ಬರುತ್ತದೆ. ಅದಕ್ಕೂ ಸುಮ್ಮನಿದ್ದರೆ ಕ್ಯಾಲಿಫೋರ್ನಿಯಾದಲ್ಲಿ ದಂಡ 1,500 ಡಾಲರ್‌ವರೆಗೆ ಹೋಗಬಹುದು. ಫೆಡರಲ್ (ಕೇಂದ್ರ ಸರ್ಕಾರದ) ಕೋರ್ಟ್ ಆದರೆ 1,000 ಡಾಲರ್‌ವರೆಗೆ ದಂಡ, ಮೂರು ದಿನದವರೆಗೆ ಜೈಲು, ಸಮುದಾಯ ಸೇವೆ, ಇವುಗಳಲ್ಲಿ ಯಾವುದು ಬೇಕಾದರೂ ಆಗಬಹುದು. ಎಲ್ಲರಿಗೂ ಹಾಕುತ್ತಾರಾ? ಇಲ್ಲ. ಆದರೆ ಹೊಸದಾಗಿ ಸಿಟಿಜನ್ ಆದವರು ಆ ಜೂಜು ಯಾಕೆ ಆಡಬೇಕು?

ಇನ್ನು ಆ ಪೊಲೀಸ್ ಡೈಲಾಗ್. ಜ್ಯೂರಿಗೆ ಆರಿಸುವ ಮುನ್ನ ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡುವ ಮೊದಲು ಪ್ರಮಾಣ ಮಾಡಿಸುತ್ತಾರೆ. ಅಲ್ಲಿ ಬೇಕೆಂದೇ ಸುಳ್ಳು ಹೇಳುವುದು ಅಪರಾಧ. ಜಡ್ಜ್‌ಗಳು ದಿನಾ ಇದೇ ನಾಟಕ ನೋಡುತ್ತಿರುತ್ತಾರೆ, ಮೂವತ್ತು ಜನರ ಎದುರು ಬಿಡಿಸಿ ಬಿಡಿಸಿ ಕೇಳಿದಾಗ ಬೆವರು ಇಳಿಯುತ್ತದೆ. ನಿಮಗೆ ನಿಜವಾಗಿಯೂ ಒಂದು ಕಡೆಗೆ ಒಲವಿದ್ದರೆ, ಮನೆಗೆ ಕಳ್ಳರು ನುಗ್ಗಿದ್ದರಿಂದ ಕಳ್ಳತನದ ಕೇಸಿನಲ್ಲಿ ಸಮಾಧಾನವಾಗಿ ಕೂರಲು ಆಗುವುದಿಲ್ಲ ಎಂದಿದ್ದರೆ, ಹೇಳಿ. ಅದು ಹೇಳಲೇಬೇಕಾದ ಮಾತು.

ಸುಮ್ನೆ_ಇರಲಾರೆ

ಅಯ್ಯೋ ತಮಾಷೆಗೆ ಹೇಳಿದ್ದು ಮೇಡಂ 😅

ಪೇರೋಲ್_ಪದ್ಮಕ್ಕ

ಸಂಬಳದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನನ್ನ ಅನ್ನ ಅದೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನೀವು ಗಂಟೆ ಲೆಕ್ಕದವರಾ, ತಿಂಗಳ ಸಂಬಳದ ಎಕ್ಸೆಂಪ್ಟ್ (ಓವರ್‌ಟೈಮ್ ಲೆಕ್ಕ ಇಲ್ಲದ) ವರ್ಗದವರಾ ನೋಡಿಕೊಳ್ಳಿ. ಎಕ್ಸೆಂಪ್ಟ್ ಆದರೆ ಫೆಡರಲ್ ನಿಯಮ ನಿಮ್ಮ ಕಡೆ ಇದೆ. ಒಂದು ವಾರದಲ್ಲಿ ಸೋಮವಾರದಿಂದ ಬುಧವಾರದವರೆಗೆ ಕೋರ್ಟಿನಲ್ಲಿ ಕೂತು ಗುರುವಾರ ಕೆಲಸ ಮಾಡಿದಿರಿ ಅಂದುಕೊಳ್ಳಿ. ಆ ಮೂರು ದಿನಕ್ಕೆ ಸಂಬಳ ಮುರಿಯುವಂತಿಲ್ಲ. ಕೋರ್ಟ್ ಕೊಟ್ಟ ಭತ್ಯೆಯನ್ನು ಬೇಕಾದರೆ ಸಂಬಳದಲ್ಲಿ ಹೊಂದಿಸಿಕೊಳ್ಳಬಹುದು, ಅಷ್ಟೇ. ಆದರೆ ಇಡೀ ವಾರ ಒಂದು ಚೂರೂ ಕೆಲಸ ಮಾಡಲಿಲ್ಲ ಎಂದರೆ ಆ ವಾರದ ಸಂಬಳ ಕೊಡಲೇಬೇಕು ಎಂದು ಫೆಡರಲ್ ನಿಯಮ ಹೇಳುವುದಿಲ್ಲ. ಆಗ ಕಂಪನಿಯ ಪಾಲಿಸಿ ಏನಿದೆಯೋ ಅದು. ದೊಡ್ಡ ಕಂಪನಿಗಳ ಹ್ಯಾಂಡ್‌ಬುಕ್‌ನಲ್ಲಿ ಜ್ಯೂರಿ ಡ್ಯೂಟಿ ರಜೆ ಎಂದು ಬೇರೆಯೇ ಒಂದು ಸಾಲು ಇರುತ್ತದೆ, ಎಷ್ಟು ದಿನ ಪೂರ್ತಿ ಸಂಬಳ ಎಂದು ಬರೆದಿರುತ್ತಾರೆ. ಎಚ್‌ಆರ್ ಅನ್ನು ಕೇಳುವ ಮೊದಲು ಅದನ್ನು ಓದಿ.

ಗಂಟೆ ಲೆಕ್ಕದವರಿಗೆ, ಅದರಲ್ಲೂ ಕನ್ಸಲ್ಟಿಂಗ್ ಮೂಲಕ ಕೆಲಸ ಮಾಡುವ ನಮ್ಮ ಜನಕ್ಕೆ, ಕೋರ್ಟಿಗೆ ಹೋದ ದಿನ ಬಿಲ್ ಇಲ್ಲ, ಹಾಗಾಗಿ ದುಡ್ಡೂ ಇಲ್ಲ. ಕ್ಯಾಲಿಫೋರ್ನಿಯಾ ಕೋರ್ಟ್ ದಿನಕ್ಕೆ ಕೊಡುವ 15 ಡಾಲರ್ ಎರಡನೇ ದಿನದಿಂದ ಶುರು. ಅದರಲ್ಲಿ ಮಧ್ಯಾಹ್ನದ ಊಟವೂ ಆಗುವುದಿಲ್ಲ. ಫೆಡರಲ್ ಕೋರ್ಟಿನಲ್ಲಿ ದಿನಕ್ಕೆ 50.

ಮ್ಯಾನೇಜರ್ ಬಾಯಲ್ಲಿ ಹೇಳಿದ್ದಕ್ಕೆ ಬಾಯಲ್ಲೇ ಉತ್ತರ ಕೊಡಬೇಡಿ. ಸಮನ್ಸ್ ಬಂದ ತಕ್ಷಣ ಅದರ ಫೋಟೋ ಹಾಕಿ ಎಚ್‌ಆರ್ ಮತ್ತು ಮ್ಯಾನೇಜರ್ ಇಬ್ಬರಿಗೂ ಒಂದೇ ಇಮೇಲ್ ಕಳಿಸಿ. "ನನಗೆ ಇಂಥ ವಾರ ಕರೆ ಬಂದಿದೆ, ಮುಂದೂಡಲು ಅರ್ಜಿ ಹಾಕುತ್ತಿದ್ದೇನೆ, ಹೊಸ ದಿನ ಗೊತ್ತಾದ ಕೂಡಲೇ ತಿಳಿಸುತ್ತೇನೆ." ಇಷ್ಟು ಸಾಕು. ಮೊದಲೇ ತಿಳಿಸಿದ ನೌಕರನನ್ನು ಜ್ಯೂರಿಗೆ ಹೋದ ಎಂದು ಕೆಲಸದಿಂದ ತೆಗೆಯುವುದು ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬಾಹಿರ. ಫೆಡರಲ್ ಜ್ಯೂರಿ ಆದರೆ ತೆಗೆಯುವುದು ಮಾತ್ರವಲ್ಲ, ಹೆದರಿಸುವುದು, ಒತ್ತಡ ಹಾಕುವುದು ಕೂಡ ತಪ್ಪು, ಕಂಪನಿಗೆ 5,000 ಡಾಲರ್‌ವರೆಗೆ ದಂಡ ಬೀಳಬಹುದು. ಇಮೇಲ್ ಇದ್ದರೆ ನಿಮ್ಮ ಹತ್ತಿರ ದಾಖಲೆ ಇರುತ್ತದೆ. ಕೋರ್ಟಿನಿಂದ ಹೊರಡುವಾಗ ಹಾಜರಾತಿ ಸರ್ಟಿಫಿಕೇಟ್ ಕೇಳಿ ತೆಗೆದುಕೊಳ್ಳಿ, ಟೈಮ್‌ಶೀಟಿಗೆ ಬೇಕಾಗುತ್ತದೆ.

ಬಾಸ್ಟನ್_ಬಿಸಿಬೇಳೆ

ನಮ್ಮ ಮ್ಯಾಸಚೂಸೆಟ್ಸೇ ಮೇಲು! ಇಲ್ಲಿ ಮೊದಲ ಮೂರು ದಿನ ಕಂಪನಿಯೇ ಮಾಮೂಲಿ ಸಂಬಳ ಕೊಡಬೇಕು, ಪಾರ್ಟ್‌ಟೈಮ್‌ನವರಿಗೂ. ನಾಲ್ಕನೇ ದಿನದಿಂದ ಸರ್ಕಾರ ದಿನಕ್ಕೆ 50 ಡಾಲರ್ ಕೊಡುತ್ತದೆ. ಒಂದು ವರ್ಷದ ಒಳಗೆ ಯಾವ ದಿನಕ್ಕೆ ಬೇಕಾದರೂ ಮುಂದೂಡಬಹುದು. 90 ದಿನ ಅಂದರೆ ಪಾಪ ಅನಿಸಿತು.

ಡಲ್ಲಾಸ್_ದಾವಣಗೆರೆ

ಟೆಕ್ಸಸ್‌ನಲ್ಲಿ ಮೊದಲ ದಿನಕ್ಕೆ ಬರೀ 6 ಡಾಲರ್ ಇತ್ತು, 2023ರಲ್ಲಿ 20 ಮಾಡಿದರು, ಎರಡನೇ ದಿನದಿಂದ 58. ಕಂಪನಿ ಸಂಬಳ ಕೊಡಲೇಬೇಕು ಅಂತಿಲ್ಲ, ಆದರೆ ಕೆಲಸದಿಂದ ತೆಗೆಯುವಂತಿಲ್ಲ. ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲದವರಿಗೆ ಇಲ್ಲಿ ವಿನಾಯಿತಿ ಇದೆ, ಫಾರ್ಮಿನಲ್ಲೇ ಟಿಕ್ ಮಾಡುವ ಜಾಗ ಇದೆ.

ಹಾಸನದಿಂದ_ಫ್ರೀಮಾಂಟ್

ಇಷ್ಟು ಬೇಗ ಇಷ್ಟೊಂದು ಉತ್ತರ! ಪದ್ಮಕ್ಕ, ಇಮೇಲ್ ಕಳಿಸಿದ್ದೇನೆ. ಎಚ್‌ಆರ್‌ನವರು ಅರ್ಧ ಗಂಟೆಯಲ್ಲಿ "ಖಂಡಿತ ಹೋಗಿ, ಹತ್ತು ದಿನದವರೆಗೆ ಪೂರ್ತಿ ಸಂಬಳ" ಎಂದು ಬರೆದರು. ಮ್ಯಾನೇಜರ್ ಆಮೇಲೆ ಸದ್ದಿಲ್ಲ. ದಿನವನ್ನೂ ಮುಂದೂಡಿದೆ.

ಒಂದು ಅನುಮಾನ. ಲಾಂಗ್ ಟ್ರಯಲ್‌ಗೆ ಸಿಕ್ಕಿಹಾಕಿಕೊಂಡರೆ? ತಿಂಗಳುಗಟ್ಟಲೆ ನಡೆಯುವ ಕೇಸುಗಳೂ ಇರುತ್ತವಂತೆ.

ಕೋರ್ಟ್_ಕಡತ

ಇರುತ್ತವೆ, ಆದರೆ ಬಹಳ ಕೇಸುಗಳು ಅಷ್ಟು ಉದ್ದ ಅಲ್ಲ. ಉದ್ದದ ಕೇಸಾದರೆ ಜಡ್ಜ್ ಮೊದಲೇ "ಇಷ್ಟು ವಾರ ಹಿಡಿಯುತ್ತದೆ" ಎಂದು ಹೇಳಿ ಹಾರ್ಡ್‌ಶಿಪ್ ಫಾರ್ಮ್ ಹಂಚುತ್ತಾರೆ. ನಿಮ್ಮ ಕಷ್ಟ ಹೇಳಿಕೊಳ್ಳುವ ಸರಿಯಾದ ಹೊತ್ತು ಅದು.

ಅಲ್ಲಿ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂದು ನಾನು ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ. ಒಬ್ಬರು ಎದ್ದು ನಿಂತು ತಮ್ಮ ಕಂಪನಿಯ ವೈಸ್ ಪ್ರೆಸಿಡೆಂಟ್ ಸಹಿ ಮಾಡಿದ ಪತ್ರ ಕೊಟ್ಟರು. ಇವರಿಲ್ಲದೆ ಪ್ರಾಡಕ್ಟ್ ಬಿಡುಗಡೆ ಆಗುವುದಿಲ್ಲ ಎಂಬ ಒಕ್ಕಣೆ. ಜಡ್ಜ್ ಓದಿ ನಕ್ಕು, "ನಿಮಗೆ ನಾಳೆ ಜ್ವರ ಬಂದರೆ ಕಂಪನಿ ಬಾಗಿಲು ಮುಚ್ಚುತ್ತದಾ?" ಎಂದು ಕೇಳಿದರು. ಕೂರಿಸಿದರು. ಅವರ ಪಕ್ಕದಲ್ಲಿದ್ದ ಹೆಂಗಸು ಗೋಡೌನಿನಲ್ಲಿ ಗಂಟೆ ಲೆಕ್ಕದ ಕೆಲಸದವರು. ಅವರ ಪತ್ರದಲ್ಲಿ ಇದ್ದದ್ದು ಎರಡೇ ಸಾಲು. ಜ್ಯೂರಿ ಡ್ಯೂಟಿಗೆ ನಮ್ಮಲ್ಲಿ ಸಂಬಳ ಇಲ್ಲ, ಇವರ ವಾರದ ದುಡಿಮೆ ಇಷ್ಟು. ಜೊತೆಗೆ ಬಾಡಿಗೆ ರಸೀದಿ. ಒಂದು ನಿಮಿಷವೂ ಹಿಡಿಯಲಿಲ್ಲ, ಬಿಟ್ಟರು.

ನೀವಿಲ್ಲದಿದ್ದರೆ ಕಂಪನಿಗೆ ಎಷ್ಟು ನಷ್ಟ ಎನ್ನುವುದು ಅವರಿಗೆ ಬೇಕಿಲ್ಲ. ನಿಮ್ಮ ಮನೆ ನಡೆಯುತ್ತದಾ, ನಿಮ್ಮನ್ನು ನಂಬಿಕೊಂಡ ಕಾಯಿಲೆಯವರೋ ಮಗುವೋ ಇದ್ದಾರಾ, ಇದು ಬೇಕು. ಹತ್ತು ದಿನ ಸಂಬಳ ಕೊಡುತ್ತಾರೆ ಅಂದಿರಲ್ಲ, ಆ ಇಮೇಲ್ ಪ್ರಿಂಟ್ ಇಟ್ಟುಕೊಂಡಿರಿ. ಆರು ವಾರದ ಕೇಸಿಗೆ ಕರೆದರೆ ಅದೇ ನಿಮ್ಮ ಪತ್ರ.

ಇಡ್ಲಿ_ಅಂಗಡಿ

ಸ್ವಂತ ವ್ಯಾಪಾರದವರ ಪಾಡು ಯಾರೂ ಹೇಳಲಿಲ್ಲ. ನಾವಿಬ್ಬರೇ ನಡೆಸುವ ಚಿಕ್ಕ ಹೋಟೆಲ್. ನನಗೆ ಎಚ್‌ಆರ್ ಅಂದರೆ ನನ್ನ ಹೆಂಡತಿ, ಅವಳು ರಜೆ ಕೊಡುವುದಿಲ್ಲ.

ನಾನು ಮಾಡಿದ್ದು ಹೇಳುತ್ತೇನೆ. ದಿನ ಮುಂದೂಡಿ ವ್ಯಾಪಾರ ಕಮ್ಮಿ ಇರುವ ವಾರಕ್ಕೆ ಹಾಕಿಕೊಂಡೆ. ಹೋದಾಗ ವ್ಯಾಪಾರದ ಲೈಸೆನ್ಸ್, ಹಿಂದಿನ ವರ್ಷದ ಟ್ಯಾಕ್ಸ್ ರಿಟರ್ನ್ ಕಾಪಿ ತೆಗೆದುಕೊಂಡು ಹೋಗಿದ್ದೆ. ಎರಡು ವಾರದ ಕೇಸಿಗೆ ಹೆಸರು ಕರೆದರು. ಹೆಸರು ಅಂದರೆ, ನನ್ನ ಹೆಸರಿನಲ್ಲಿ ಊರು, ಅಪ್ಪ, ನಾನು ಮೂವರೂ ಇದ್ದೇವೆ, ಕ್ಲರ್ಕಮ್ಮ ಮೊದಲ ಎರಡು ಅಕ್ಷರ ಹೇಳಿ ತಲೆ ಎತ್ತಿ ನೋಡಿದರು, ನಾನೇ ಕೈ ಎತ್ತಿದೆ. ಅಂಗಡಿ ಮುಚ್ಚಬೇಕಾಗುತ್ತದೆ, ಇನ್ನೊಬ್ಬ ಅಡುಗೆಯವ ಇಲ್ಲ ಎಂದು ಕಾಗದ ತೋರಿಸಿದೆ. ಬಿಟ್ಟರು. ಆದರೆ ಎರಡು ದಿನದ ಕೇಸಾಗಿದ್ದರೆ ಬಿಡುತ್ತಿರಲಿಲ್ಲ ಎಂದು ಜಡ್ಜ್ ಅವರೇ ಹೇಳಿದರು. ಅದು ನ್ಯಾಯ ಅಂತಲೇ ನನಗೂ ಅನಿಸಿತು.

ಕಾಯುತ್ತಲೇ_ಇದ್ದೇನೆ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಾನು ಗ್ರೀನ್ ಕಾರ್ಡ್, ಸಿಟಿಜನ್ ಅಲ್ಲ. ಆದರೂ ನನಗೆ ಸಮನ್ಸ್ ಬಂದಿದೆ. ನನಗೆ ಸಂಬಂಧ ಇಲ್ಲ ಎಂದು ಸುಮ್ಮನಿರಬಹುದಾ?

ಹಳೇಬೇರು

ಇಲ್ಲ, ಸುಮ್ಮನಿರಬೇಡಿ. ವೋಟರ್ ಪಟ್ಟಿಯಿಂದ ಮಾತ್ರವಲ್ಲ, ಡ್ರೈವಿಂಗ್ ಲೈಸೆನ್ಸ್ ಪಟ್ಟಿಯಿಂದಲೂ ಹೆಸರು ಎತ್ತುತ್ತಾರೆ, ಅದಕ್ಕೇ ಬರುತ್ತದೆ. ಎಚ್1ಬಿ ಇರುವವರಿಗೂ ಬರುತ್ತದೆ. ಫಾರ್ಮಿನಲ್ಲಿ "ನಾನು ಅಮೆರಿಕದ ಪ್ರಜೆಯಲ್ಲ" ಎಂಬುದಕ್ಕೆ ಟಿಕ್ ಮಾಡಿ, ಸಹಿ ಮಾಡಿ, ವಾಪಸ್ ಕಳಿಸಿ. ಆನ್‌ಲೈನ್‌ನಲ್ಲೂ ಆಗುತ್ತದೆ. ಕಾಪಿ ಇಟ್ಟುಕೊಳ್ಳಿ.

ಕೋರ್ಟ್_ಕಡತ

ಈ ವಿಷಯದಲ್ಲಿ ಗಟ್ಟಿಯಾಗಿ ಹೇಳುತ್ತೇನೆ. "ಕರೆದಿದ್ದಾರೆ, ಹೋಗಿ ಕೂತು ಬರೋಣ, ಒಳ್ಳೆಯ ಹೆಸರು ಬರುತ್ತದೆ" ಎಂದು ಯಾರಾದರೂ ಅಂದುಕೊಂಡಿದ್ದರೆ ಬೇಡ. ಪ್ರಜೆ ಎಂದು ಟಿಕ್ ಮಾಡಿದರೆ ಅದು ಸುಳ್ಳು ಪೌರತ್ವದ ಹೇಳಿಕೆ ಆಗುತ್ತದೆ. ನಾಳೆ ಸಿಟಿಜನ್‌ಶಿಪ್‌ಗೆ ಎನ್-400 ಹಾಕುವಾಗ "ಎಂದಾದರೂ ಅಮೆರಿಕದ ಪ್ರಜೆ ಎಂದು ಹೇಳಿಕೊಂಡಿದ್ದೀರಾ" ಎಂಬ ಪ್ರಶ್ನೆ ಇದೆ. ಇಷ್ಟು ವರ್ಷ ಕ್ಯೂನಲ್ಲಿ ನಿಂತು ಒಂದು ಟಿಕ್ಕಿನಿಂದ ಎಲ್ಲ ಕೆಡಿಸಿಕೊಳ್ಳಬೇಡಿ.

ಜಯನಗರ_4ನೇ_ಬ್ಲಾಕ್

ಬೆಂಗಳೂರಿನಿಂದ ಓದುತ್ತಿದ್ದೇನೆ, ಮಗಳು ಅಲ್ಲಿದ್ದಾಳೆ. ಒಂದು ಪ್ರಶ್ನೆ. ಕಾನೂನು ಓದದ ಹನ್ನೆರಡು ಜನರನ್ನು ಕೂರಿಸಿ ತೀರ್ಪು ಕೇಳುವುದು ಯಾವ ಸೀಮೆ ನ್ಯಾಯ? ನಮ್ಮಲ್ಲಿ ನಾನಾವತಿ ಕೊಲೆ ಕೇಸಿನಲ್ಲಿ ಎಡವಟ್ಟಾಗಿ ಜ್ಯೂರಿಯನ್ನೇ ತೆಗೆದರು, ಒಳ್ಳೆಯದೇ ಆಯಿತು.

ಹಳೇಬೇರು

ಅಂಕಲ್, 1959ರ ಆ ಬಾಂಬೆ ಕೇಸಿನಲ್ಲಿ ಒಂಬತ್ತು ಜನರಲ್ಲಿ ಎಂಟು ಜನ ನಿರಪರಾಧಿ ಎಂದರು, ಜಡ್ಜ್ ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಶಿಕ್ಷೆಯಾಯಿತು. ಅಲ್ಲಿಯವರೆಗೂ ಸರಿ. ಆದರೆ ಅದೇ ಕೊನೆಯ ಜ್ಯೂರಿ ಕೇಸು ಎಂಬುದು ಬಾಯಿಂದ ಬಾಯಿಗೆ ಬೆಳೆದ ಕಥೆ. ಆಮೇಲೂ ಕೆಲವು ಕಡೆ ನಡೆದಿವೆ. 1973ರ ಹೊಸ ಕ್ರಿಮಿನಲ್ ಪ್ರೊಸೀಜರ್ ಕೋಡ್‌ನಲ್ಲಿ ಜ್ಯೂರಿಗೆ ಜಾಗವೇ ಇಟ್ಟಿರಲಿಲ್ಲ, ಹಾಗಾಗಿ ಹೋಯಿತು. ಪಾರ್ಸಿಗಳ ವಿಚ್ಛೇದನದ ಕೇಸುಗಳಲ್ಲಿ ಸಮುದಾಯದವರನ್ನು ಕೂರಿಸುವ ಪದ್ಧತಿ ಆಮೇಲೂ ಉಳಿಯಿತು.

ಇಲ್ಲಿ ಅದು ಸಂವಿಧಾನದಲ್ಲೇ ಇದೆ. ಸಿಟಿಜನ್‌ಶಿಪ್ ಪರೀಕ್ಷೆಯ ಪ್ರಶ್ನೆಗಳನ್ನು ಉರು ಹೊಡೆದಿರುತ್ತೀರಲ್ಲ, ಜ್ಯೂರಿಯಲ್ಲಿ ಕೂರುವುದು ಪ್ರಜೆಗಳಿಗೆ ಮಾತ್ರ ಎಂಬುದು ಅಲ್ಲೂ ಬರುತ್ತದೆ. ನಾನು ಒಂದು ಕೇಸಿನಲ್ಲಿ ಕೊನೆವರೆಗೆ ಕೂತಿದ್ದೇನೆ. ವಿವರ ಬೇಡ. ಬಸ್ ಡ್ರೈವರ್, ಟೀಚರ್, ಒಬ್ಬ ಹೂವಿನ ಅಂಗಡಿಯವರು, ಎಲ್ಲ ಇದ್ದರು. ಸಾಕ್ಷಿ ಹೇಳಿದ ಹೊತ್ತಿಗೂ ರಸೀದಿಯಲ್ಲಿದ್ದ ಹೊತ್ತಿಗೂ ತಾಳೆಯಾಗದ್ದನ್ನು ಹಿಡಿದದ್ದು ಆ ಹೂವಿನ ಅಂಗಡಿಯವರು. ನಮ್ಮಂಥ ಇಬ್ಬರು ಇಂಜಿನಿಯರ್‌ಗಳಿಗೆ ಅದು ಕಂಡೇ ಇರಲಿಲ್ಲ.

ಜಯನಗರ_4ನೇ_ಬ್ಲಾಕ್

ಆದರೂ ನನಗೆ ಒಪ್ಪಿಗೆ ಇಲ್ಲಪ್ಪ. ಇರಲಿ, ನಿಮ್ಮ ಊರು ನಿಮ್ಮ ಕೋರ್ಟು.

ರಾತ್ರಿ_ಪಾಳಿ

ನಾನು ನರ್ಸ್, ರಾತ್ರಿ ಶಿಫ್ಟ್. ಕೋರ್ಟು ಹಗಲಿನಲ್ಲಿ. ರಾತ್ರಿ ಕೆಲಸ ಮುಗಿಸಿ ಬೆಳಿಗ್ಗೆ 8ಕ್ಕೆ ಹೋಗಿ ಕೂರು ಅನ್ನುತ್ತಾರಾ?

ಪೇರೋಲ್_ಪದ್ಮಕ್ಕ

ನಿಮ್ಮ ಸೂಪರ್‌ವೈಸರ್‌ಗೆ ಈಗಲೇ ಬರೆದು ಕೇಳಿ, ಹಿಂದಿನ ರಾತ್ರಿ ಮತ್ತು ಆ ರಾತ್ರಿ ಎರಡೂ ಶಿಫ್ಟ್‌ನಿಂದ ತೆಗೆಯಿರಿ ಎಂದು. ಆಸ್ಪತ್ರೆಗಳಿಗೆ ಇದು ಹೊಸದಲ್ಲ. ಯೂನಿಯನ್ ಇದ್ದರೆ ಒಪ್ಪಂದದಲ್ಲೇ ಬರೆದಿರುತ್ತದೆ. ನಿದ್ದೆಗಣ್ಣಿನಲ್ಲಿ ಸಾಕ್ಷಿ ಕೇಳುವುದು ನಿಮಗೂ ಒಳ್ಳೆಯದಲ್ಲ, ಆ ಕಟಕಟೆಯಲ್ಲಿ ನಿಂತವನಿಗಂತೂ ಒಳ್ಳೆಯದೇ ಅಲ್ಲ.

ಸುಮ್ನೆ_ಇರಲಾರೆ

ಈ ಸಲ ಸೀರಿಯಸ್ ಪ್ರಶ್ನೆ. ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ಅಲ್ಲೇ ಕೆಲಸ ಮಾಡಬಹುದಾ?

ಹಳೇಬೇರು

ಕಾಯುವ ಹಾಲ್‌ನಲ್ಲಿ ಮಾಡಬಹುದು, ವೈಫೈ ಇರುತ್ತದೆ. ಹೆಡ್‌ಫೋನ್ ಹಾಕಿಕೊಂಡು ನಿಮ್ಮ ನಂಬರ್ ಕೂಗಿದ್ದು ಕೇಳದೆ ಕೂರಬೇಡಿ. ಕೋರ್ಟ್ ರೂಮಿನ ಒಳಗೆ ಹೋದ ಮೇಲೆ ಫೋನ್ ಕೂಡ ಬಂದ್. ಕೇಸಿಗೆ ಆಯ್ಕೆಯಾದರೆ ಕೆಲವರು ಸಂಜೆ ಬಂದು ರಾತ್ರಿವರೆಗೆ ಆಫೀಸ್ ಕೆಲಸ ಮಾಡುತ್ತಾರೆ. ನಾನು ಮೊದಲ ದಿನವೇ ಕ್ಯಾಲೆಂಡರ್‌ನಲ್ಲಿ ಇಡೀ ವಾರ ಬ್ಲಾಕ್ ಮಾಡಿದೆ, ಇಲ್ಲದಿದ್ದರೆ ಸಂಜೆ 6ಕ್ಕೆ ಮೀಟಿಂಗ್ ಇಡುತ್ತಾರೆ. ಮತ್ತೆ ಕೇಸಿನ ಬಗ್ಗೆ ಮನೆಯಲ್ಲೂ ಮಾತಾಡುವ ಹಾಗಿಲ್ಲ, ಗೂಗಲ್ ಮಾಡುವ ಹಾಗಿಲ್ಲ. ವಾಟ್ಸಾಪ್ ಗ್ರೂಪಿನಲ್ಲಂತೂ ಬೇಡವೇ ಬೇಡ.

ಅಮ್ಮನ_ಮಗಳು

ಕೆಲಸದ ಪ್ರಶ್ನೆ ಅಲ್ಲ, ಆದರೂ ಕೇಳುತ್ತೇನೆ. ನಮ್ಮಮ್ಮ ಸಿಟಿಜನ್. ವಯಸ್ಸಿನ ರಿಯಾಯಿತಿಯಲ್ಲಿ ಇಂಟರ್‌ಪ್ರಿಟರ್ ಇಟ್ಟುಕೊಂಡು ಕನ್ನಡದಲ್ಲೇ ಪರೀಕ್ಷೆ ಪಾಸಾದವರು. ಇಂಗ್ಲಿಷ್ ಬರುವುದಿಲ್ಲ. ಅವರಿಗೂ ಸಮನ್ಸ್ ಬಂದಿದೆ, ನೋಡಿ ಅಳುತ್ತಿದ್ದಾರೆ, ಏನೋ ತಪ್ಪು ಮಾಡಿದ್ದೇನೆ ಅಂತ.

ಕೋರ್ಟ್_ಕಡತ

ಅಯ್ಯೋ, ಅಮ್ಮನಿಗೆ ಸಮಾಧಾನ ಹೇಳಿ. ಕೇಸು ನಡೆಯುವುದು ಇಂಗ್ಲಿಷಿನಲ್ಲಿ, ಹಾಗಾಗಿ ಅದು ಅರ್ಥವಾಗುವಷ್ಟು ಬರದವರು ಜ್ಯೂರಿಗೆ ಅರ್ಹರಲ್ಲ. ಫಾರ್ಮಿನಲ್ಲಿ ಅದಕ್ಕೂ ಒಂದು ಟಿಕ್ ಇದೆ. ನೀವು ತುಂಬಿ ಅವರಿಂದ ಸಹಿ ಹಾಕಿಸಿ, ತುಂಬಲು ಸಹಾಯ ಮಾಡಿದವರು ಎಂದು ನಿಮ್ಮ ಹೆಸರನ್ನೂ ಬರೆಯಿರಿ. ಅವರಿಗೆ 70 ದಾಟಿ ಆರೋಗ್ಯವೂ ಸರಿ ಇಲ್ಲದಿದ್ದರೆ ಕ್ಯಾಲಿಫೋರ್ನಿಯಾದಲ್ಲಿ ಡಾಕ್ಟರ್ ಪತ್ರ ಇಲ್ಲದೆಯೂ ಆ ಕಾರಣ ಕೊಡಬಹುದು.

ಮತ್ತೆ ಅಮ್ಮನಿಗೆ ಇನ್ನೊಂದು ಮಾತು ಹೇಳಿಡಿ. "ಜ್ಯೂರಿಗೆ ಬರಲಿಲ್ಲ, ವಾರಂಟ್ ಇದೆ, ಈಗಲೇ ಗಿಫ್ಟ್ ಕಾರ್ಡಿನಲ್ಲಿ ದಂಡ ಕಟ್ಟಿ" ಎಂದು ಫೋನ್ ಮಾಡುವ ಕಳ್ಳರಿದ್ದಾರೆ. ಶೆರಿಫ್ ಆಫೀಸ್ ಎಂದೇ ಹೇಳುತ್ತಾರೆ, ನಂಬರ್ ಕೂಡ ಹಾಗೇ ಕಾಣುತ್ತದೆ. ಯಾವ ಕೋರ್ಟೂ ಫೋನಿನಲ್ಲಿ ದುಡ್ಡು ಕೇಳುವುದಿಲ್ಲ. ಕಟ್ ಮಾಡಿ ನಿಮಗೆ ಫೋನ್ ಮಾಡಲಿ.

ಅಮ್ಮನ_ಮಗಳು

ತುಂಬಾ ಥ್ಯಾಂಕ್ಸ್ ಅಕ್ಕ. ಈಗಲೇ ತುಂಬುತ್ತೇನೆ.

ಹಾಸನದಿಂದ_ಫ್ರೀಮಾಂಟ್

ಓಕ್ಲೆಂಡ್‌ನಲ್ಲಿ ಕಾರ್ ಎಲ್ಲಿ ನಿಲ್ಲಿಸೋದು?

ಹಳೇಬೇರು

ಕಾರ್ ಬೇಡ. ಫ್ರೀಮಾಂಟ್‌ನಿಂದ ಬಾರ್ಟ್ ರೈಲು ಹತ್ತಿ ಲೇಕ್ ಮೆರಿಟ್‌ನಲ್ಲಿ ಇಳಿಯಿರಿ, ಫಾಲನ್ ಸ್ಟ್ರೀಟಿನ ಕೋರ್ಟ್ ನಡೆಯುವ ದೂರ. ಬಾಗಿಲಲ್ಲಿ ಏರ್‌ಪೋರ್ಟ್ ತರಹ ತಪಾಸಣೆ ಇದೆ, ಸೋಮವಾರ ಬೆಳಿಗ್ಗೆ ಸಾಲು ಉದ್ದ ಇರುತ್ತದೆ, ಸ್ವಲ್ಪ ಮುಂಚೆ ಹೋಗಿ. ಬ್ಯಾಗಿನಲ್ಲಿ ಹಣ್ಣು ಕತ್ತರಿಸುವ ಚಾಕು ಇದ್ದರೆ ಮನೆಯಲ್ಲೇ ತೆಗೆದಿಡಿ. ಚಾರ್ಜರ್ ಮರೆಯಬೇಡಿ, ಗೋಡೆ ಪಕ್ಕದ ಕುರ್ಚಿಗಳು ಬೇಗ ತುಂಬುತ್ತವೆ.